ಹೆಗ್ಗಣದ ಗಾಲಿ

ಕಂಪ್ಯೂಟರಿಗೆ ಸಿಕ್ಕಿಸುವ ಒಂದು ಪ್ಲಾಸ್ಟಿಕ್ ಇಲಿಯನ್ನು ಹಿಡಿದುಕೊಂಡು ಕತೆ ಹೇಳಲು ಕೂತಿದ್ದಕ್ಕೆ ಓದುವವರು ಮೊದಲೇ ಮನ್ನಿಸಬೇಕು. ಹೇಳುವುದಕ್ಕೆ ಇದಕ್ಕಿಂತ ದೊಡ್ಡ ಸಂಗತಿಗಳು ಸಿಂಧನೂರಿನಲ್ಲಿ ಬೇಕಾದಷ್ಟಿವೆ, ಅವನ್ನು ಚೆನ್ನಾಗಿ ಹೇಳಬಲ್ಲವರೂ ಇದ್ದಾರೆ. ಇದನ್ನು ಹೇಳುವವರು ಮಾತ್ರ ಯಾರೂ ಕಾಣಲಿಲ್ಲ. ತಪ್ಪು ಹೇಳಿದರೆ ತಿದ್ದಲು ಮಸ್ಕಿಯಲ್ಲಿ ಯಮನೂರಮ್ಮ ಇದ್ದಾಳೆ, ಅವಳು ತಿದ್ದದೆ ಬಿಡುವವಳಲ್ಲ. ಆ ಧೈರ್ಯದ ಮೇಲೆ ಶುರು ಮಾಡಬೇಕು.

ಅದು ತೊಂಬತ್ತೊಂಬತ್ತನೆಯ ಇಸವಿ. ಸಿಂಧನೂರಿನ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಗ್ಯಾನಪ್ಪನ ಪ್ರೆಸ್ಸು. ಮದುವೆ ಕಾರ್ಡು, ಅಕ್ಕಿ ಗಿರಣಿಯ ರಸೀದಿ, ಶಾಲೆಯ ಪ್ರಶ್ನೆಪತ್ರಿಕೆ ಎಲ್ಲ ಅಲ್ಲಿ ಅಚ್ಚಾಗುತ್ತಿದ್ದವು. ಯಮನೂರಮ್ಮ ಮಸ್ಕಿಯಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದಳು. ಕೆಲವು ವರ್ಷ ಮೊದಲು ಅವಳು ಅಲ್ಲಿಗೆ ಬಂದದ್ದು ಕಾರ್ಡು ಮಡಚುವ, ಲಕೋಟೆಗೆ ಅಂಟು ಹಚ್ಚುವ ಕೆಲಸಕ್ಕೆ. ಆಗ ಅವಳ ಹೆಸರು ಯಾರಿಗೂ ಬೇಕಾಗಿರಲಿಲ್ಲ. "ಏ, ಬಾ ಬೇ ಇಲ್ಲಿ" ಅಂದರೆ ಅವಳು ಏಳಬೇಕು. ಅವ್ವನಿಗೆ ಸಲಿಗೆಯಿಂದ ಅನ್ನುವ "ಬೇ" ಅಲ್ಲ, ಆಳಿಗೆ ಅನ್ನುವ ಆ "ಬೇ" ಅಂಟಿನ ಹಾಗೆ ಅವಳ ಬೆರಳಿಗೆ ಮೆತ್ತಿಕೊಂಡು, ಮನೆಗೆ ಹೋಗಿ ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ.

ಆಗಲೇ ಅವಳು ಸಂಜೆ ಮಸ್ಕಿಯಲ್ಲಿ ಇಳಿಯದೆ ಅದೇ ಬಸ್ಸಿನಲ್ಲಿ ಲಿಂಗಸುಗೂರಿಗೆ ಹೋಗಿ ಇಸ್ಮಾಯಿಲ್‌ಸಾಬರ ಟೈಪಿಂಗ್ ಕ್ಲಾಸಿಗೆ ಕೂಡತೊಡಗಿದಳು. ಇಸ್ಮಾಯಿಲ್‌ಸಾಬರು ಕಲಿಸಿದ ಮೊದಲ ಪಾಠ ಒಂದೇ: "ಬೆರಳು ಗುಂಡಿ ಮ್ಯಾಲ ಕುಂತಿರಬೇಕವ್ವಾ, ಒತ್ತಬಾರದು. ಹಕ್ಕಿ ತಂತಿ ಮ್ಯಾಲ ಕುಂತಂಗ." ಬೆರಳು ಎತ್ತಿ ಹಿಡಿದವರ ಗೆಣ್ಣಿಗೆ ಸಾಬರ ಸೀಸದಕಡ್ಡಿ ಬೀಳುತ್ತಿತ್ತು. ಯಮನೂರಮ್ಮನ ಬೆರಳು ಕೂಡುವುದನ್ನು ಎಷ್ಟು ಕಲಿತವೆಂದರೆ, ಬಸ್ಸಿನಲ್ಲಿ ಮುಂದಿನ ಸೀಟಿನ ಕಂಬಿಯ ಮೇಲೂ ಸಾಲಾಗಿ ಕೂಡುತ್ತಿದ್ದವು.

ಮುಂದೆ ಪ್ರೆಸ್ಸಿಗೆ ಕಂಪ್ಯೂಟರ್ ಬಂದಾಗ ಕೀಲಿಮಣೆ ಬಲ್ಲವರು ಅವಳನ್ನು ಬಿಟ್ಟರೆ ಯಾರೂ ಇರಲಿಲ್ಲ. ಗ್ಯಾನಪ್ಪ ಮನಸ್ಸಿಲ್ಲದ ಮನಸ್ಸಿನಿಂದ ಅವಳನ್ನು ಆ ತಿರುಗುವ ಕುರ್ಚಿಯ ಮೇಲೆ ಕೂಡಿಸಿದ. ಕೂತ ದಿನವೇ ಕಾರ್ಡು ಮಾಡಿಸಲು ಬಂದವನೊಬ್ಬ, "ಇದನ್ನೀಟು ನೋಡ್ರೀ" ಅಂದ. ಯಮನೂರಮ್ಮ ತನ್ನ ಹಿಂದೆ ಯಾರು ನಿಂತಿದ್ದಾರೆಂದು ತಿರುಗಿ ನೋಡಿದಳು. ಯಾರೂ ಇರಲಿಲ್ಲ. ಆ "ರೀ" ತನಗೇ ಬಂದದ್ದು. ಅಂದಿನಿಂದ ಅವಳು ಆ ಕುರ್ಚಿಯನ್ನು ಯಾರಿಗೂ ಒರೆಸಲು ಬಿಡಲಿಲ್ಲ.

ಗ್ಯಾನಪ್ಪ ತೊಂಬತ್ತೊಂಬತ್ತರ ಬೇಸಿಗೆಯಲ್ಲಿ ಹೈದರಾಬಾದಿಗೆ ಹೋಗಿದ್ದು ಕಾರ್ಡಿನ ಹಾಳೆ ತರಲು. ಬರುವಾಗ ಒಂದು ಡಬ್ಬಿಯನ್ನೂ ತಂದ. ಅದನ್ನು ಮೇಜಿನ ಮೇಲಿಟ್ಟು, ಹೊಸ ಸೊಸೆಯ ಸೆರಗು ಸರಿಸುವವರಂತೆ ನಿಧಾನವಾಗಿ ಮುಚ್ಚಳ ತೆಗೆದ. ಒಳಗೆ ಬೂದು ಬಣ್ಣದ, ಬೆನ್ನು ಉಬ್ಬಿದ, ಒಂದು ಮಗ್ಗಲಿಗೆ ವಾಲಿಕೊಂಡ ಮೌಸು.

"ಐದು ಗುಂಡಿ. ನಡುವ ಗಾಲಿ. ಸಿಂಧನೂರಾಗ ಬಿಡು, ರಾಯಚೂರಾಗೂ ಯಾರ ಹತ್ರ ಇಲ್ಲ," ಅಂದ ಗ್ಯಾನಪ್ಪ.

ಯಮನೂರಮ್ಮ ಅದನ್ನು ಮುಟ್ಟದೆ ನೋಡಿದಳು. "ಇಲಿ ಅಲ್ರಿ ಇದು ಸಾವ್ಕಾರ್ರ, ಹೆಗ್ಗಣ. ಐದು ಗುಂಡಿ ನಿಮ್ಮ ಅಂಗಿಗೆ ಹಚ್ಚಿದ್ರ ಉಪಯೋಗಕ್ಕ ಬರತಿದ್ವು. ಮ್ಯಾಲಿಂದು ಹರದು ಎಷ್ಟು ದಿನ ಆತು."

ಗ್ಯಾನಪ್ಪನ ಕೈ ತನ್ನ ಎದೆಯ ಮೇಲಿನ ಗುಂಡಿ ಹುಡುಕಿತು. ನಗಬಾರದ ಜಾಗದಲ್ಲಿ ಒಬ್ಬ ನಕ್ಕ. ಅವನು ಗ್ಯಾನಪ್ಪನ ಹೆಂಡತಿಯ ತಮ್ಮ ಮಾನಪ್ಪ. ರಾಯಚೂರಿನಲ್ಲಿ ಕಂಪ್ಯೂಟರ್ ಕೋರ್ಸು ಮುಗಿಸಿ, ಸರ್ಟಿಫಿಕೇಟಿಗೆ ಪ್ಲಾಸ್ಟಿಕ್ ಹೊದಿಕೆ ಹಾಕಿಸಿಕೊಂಡು ಬಂದಿದ್ದ. ಬಂದಾಗಿನಿಂದ, ತಾನು ಮಾವ ಎಂದು ಕರೆಯುವ ಅಕ್ಕನ ಗಂಡನ ಪ್ರೆಸ್ಸಿನಲ್ಲಿ ಕೈ ಕಟ್ಟಿಕೊಂಡು ನಿಲ್ಲುವುದೇ ಅವನ ಕೆಲಸ. ಕನ್ನಡದ ಒಂದು ಸಾಲು ಕುಟ್ಟಲು ಅವನು ಕೀಲಿಮಣೆಯ ಮೇಲೆ, ಕತ್ತಲಲ್ಲಿ ಕಾಸು ಹುಡುಕುವವನಂತೆ ತಡವರಿಸುತ್ತಿದ್ದ. ಆದರೆ ನಿಂತಲ್ಲೇ ಮಾತಾಡಲು ಕೀಲಿಮಣೆ ಬೇಡವಲ್ಲ.

"ಅಕ್ಕಾ, ನಿನಗ ತಿಳಿಯಂಗಿಲ್ಲ," ಅಂದ ಮಾನಪ್ಪ. "ಈ ಮಗ್ಗಲಿನ ಎರಡು ಗುಂಡಿ ಇಂಟರ್‌ನೆಟ್‌ನ್ಯಾಗ ಹಿಂದ ಮುಂದ ಹೋಗಾಕ."

"ಇಂಟರ್‌ನೆಟ್ ಎಲ್ಲೈತಿ ಇಲ್ಲಿ?"

"ಬರತೈತಿ."

"ಬಂದ ಮ್ಯಾಲ ಗುಂಡಿ ತರಬೇಕಿತ್ತು. ಎಮ್ಮಿ ಇಲ್ಲದ ಮನ್ಯಾಗ ಹಗ್ಗ ಕಟ್ಟಿಕೊಂಡು ಕುಂತಂಗ ಆತು ಇದು."

ಅವನು ತನಗೆ "ನಿನಗ" ಅಂದದ್ದನ್ನು ಯಮನೂರಮ್ಮ ಗಮನಿಸಿದಳು. ಗ್ಯಾನಪ್ಪನಿಗೆ ಗುಂಡಿಯ ಮಾತು ಇನ್ನೂ ಚುಚ್ಚುತ್ತಿತ್ತು. ಹಳೆಯ ಮೌಸಿನ ವೈರು ಕಿತ್ತು, ಸುತ್ತಿ, ಕಪಾಟಿನಲ್ಲಿಟ್ಟು ಬೀಗ ಹಾಕಿದ. ಆ ಮೌಸು ಹಳದಿ ಹಿಡಿದಿತ್ತು, ಎರಡೇ ಗುಂಡಿ. ಹೊಟ್ಟೆಯೊಳಗಿನ ಚೆಂಡಿಗೆ ಹತ್ತಿದ ಕೊಳೆಯನ್ನು ಅವಳು ಬೆಂಕಿಕಡ್ಡಿಯಿಂದ ಕೆರೆದು ತೆಗೆಯುತ್ತಿದ್ದಳು. ರೊಟ್ಟಿಯ ಹಿಟ್ಟು ಕೈಗೆ ಗೊತ್ತಿರುವಷ್ಟು ಅದು ಗೊತ್ತಿತ್ತು.

"ಬರೋ ಸ್ವಾಮಾರದೊಳಗ ಇದರ ಮ್ಯಾಲ ಕೈ ಕುಂದರಬೇಕು," ಅಂದ ಗ್ಯಾನಪ್ಪ. "ಇಲ್ಲಂದ್ರ ಕುರ್ಚ್ಯಾಗ ಮಾನಪ್ಪ ಕುಂದರತಾನ. ನೀ ಕಾರ್ಡು ಮಡಚು. ಹೊಸದೇನಲ್ಲಲ್ಲ ನಿನಗ."

ಹೀಗೆ ಒಂದು ಹೆಗ್ಗಣದ ಬೆನ್ನ ಮೇಲೆ ಅವಳ "ರೀ" ಹೋಗಿ ಕೂತಿತು.

ಮುಂದಿನ ದಿನಗಳು ಆ ಪ್ರಾಣಿಯ ಜೊತೆ ಗುದ್ದಾಟ. ಕಡತ ತೆರೆಯಲು ಹೋದರೆ ಹೆಬ್ಬೆರಳು ಮಗ್ಗಲಿನ ಗುಂಡಿಗೆ ತಾಗಿ, ತೆರೆದದ್ದು ಹಿಂದಕ್ಕೆ ಹೋಗುತ್ತಿತ್ತು. ಗಾಲಿಗೆ ಕೈ ತಾಗಿದರೆ ಪುಟ ಸರ್ರನೆ ಮೇಲೇರಿ, ವರನ ಹೆಸರಿದ್ದಲ್ಲಿ "ತಮ್ಮ ಸುಖಾಗಮನ ಬಯಸುವವರು" ಬಂದು ನಿಲ್ಲುತ್ತಿತ್ತು. ಗಾಲಿಯನ್ನು ಒಳಕ್ಕೆ ಒತ್ತಿದರೆ ಅದೂ ಒಂದು ಗುಂಡಿಯಂತೆ. ಒತ್ತಿದಾಗ ಏನಾಗುತ್ತದೆಂದು ಮಾನಪ್ಪನಿಗೂ ಗೊತ್ತಿರಲಿಲ್ಲ. "ಅಡ್ವಾನ್ಸ್ ಅದು," ಅಂದುಬಿಟ್ಟಿದ್ದ.

"ಗಾಲಿ ಇರಬೇಕಾದ್ದು ಬಂಡಿಗೆ," ಅನ್ನುತ್ತಿದ್ದಳು ಯಮನೂರಮ್ಮ. "ಇದು ಎಲ್ಲಿಗೆ ಹೊಂಟೈತಿ? ಮಸ್ಕಿಗೆ ಬಿಟ್ಟು ಬರತೈತೇನು ನನ್ನ?"

ಅವಳು ಒಂದು ಪಟ್ಟು ಹಿಡಿದಳು. ಹೆಗ್ಗಣ ಹಿಡಿಯುವುದು, ಗಾಲಿ ಮಾತ್ರ ಮುಟ್ಟದಿರುವುದು. ಪುಟ ಸರಿಸಬೇಕಾದರೆ ಮೊದಲಿನಂತೆ ಪರದೆಯ ಅಂಚಿನ ಪಟ್ಟಿಯನ್ನೇ ಎಳೆಯುವುದು. ಅದನ್ನು ಎಲ್ಲರಿಗೂ ಕೇಳುವಂತೆ ಹೇಳಿದಳು ಕೂಡ. ಕೈ ದಿನದಿನಕ್ಕೆ ಕುದುರಿತು. ಹೆಬ್ಬೆರಳು ಮಗ್ಗಲಿನ ಗುಂಡಿಯ ಕೆಳಗೆ ತನ್ನ ಜಾಗ ತಾನೇ ಹುಡುಕಿಕೊಂಡಿತು. ಒಂದು ಸಲ, ಅಕ್ಕಿ ಗಿರಣಿಯ ಉದ್ದನೆಯ ನಿಯಮಗಳ ಹಾಳೆ ತಿದ್ದುತ್ತಿದ್ದಾಗ, ನಡುಬೆರಳು ತನ್ನಷ್ಟಕ್ಕೆ ಗಾಲಿ ತಿರುಗಿಸಿತು. ಪುಟ ಕಾಲುವೆ ನೀರಿನ ಹಾಗೆ ಮೆತ್ತಗೆ ಹರಿಯಿತು. ಯಮನೂರಮ್ಮನಿಗೆ ಹಿತವಾಯಿತು. ಹಿತವಾದದ್ದು ತಿಳಿದ ಕೂಡಲೆ ಕೈ ಹಿಂದಕ್ಕೆ ಎಳೆದುಕೊಂಡು, ಮಾನಪ್ಪ ನೋಡಿದನೇನೋ ಎಂದು ಬಾಗಿಲ ಕಡೆ ಕಣ್ಣು ಹಾಯಿಸಿದಳು. ಅವನು ಓಣಿಯಲ್ಲಿ ನಿಂತು ಯಾರಿಗೋ ಐದು ಗುಂಡಿಗಳ ವಿಷಯ ಹೇಳುತ್ತಿದ್ದ.

ಅದೇ ವಾರ ಸಾಲಗುಂದದಿಂದ ದುರುಗಪ್ಪ ಬಂದ, ಮಗನ ಮದುವೆ ಕಾರ್ಡಿಗೆ. ಕಂಪ್ಯೂಟರ್ ಮಾರಿದವರು ಕಾರ್ಡಿಗೆಂದೇ ಒಂದು ಸಣ್ಣ ಪ್ರೋಗ್ರಾಮು ಹಾಕಿಕೊಟ್ಟಿದ್ದರು. ಅದರಲ್ಲಿ ಎಲ್ಲಕ್ಕಿಂತ ಮೇಲೆ ಮನೆದೇವರ ಚೌಕ. ಚೌಕದ ಮೇಲೆ ಒತ್ತಿದರೆ ದೇವರುಗಳ ಸಾಲು ಇಳಿಬೀಳುತ್ತದೆ, ಬೇಕಾದವರನ್ನು ಆರಿಸಿದರೆ ಕಾರ್ಡಿನ ನೆತ್ತಿಯ ಮೇಲೆ "ಶ್ರೀ" ಮತ್ತು "ಪ್ರಸನ್ನ"ದ ನಡುವೆ ಅವರು ಹೋಗಿ ಕೂಡುತ್ತಾರೆ. ಸಾಲನ್ನು ಬೆಳೆಸಿದವಳು ಯಮನೂರಮ್ಮ. ಯಾವ ಮನೆಯವರು ಮೊದಲು ಬಂದರೋ ಅವರ ದೇವರು ಮೊದಲು. ಹೀಗಾಗಿ ಮಾರುತೇಶ್ವರನ ಕೆಳಗೆ ಹುಲಿಗೆಮ್ಮ, ಹುಲಿಗೆಮ್ಮನ ಕೆಳಗೆ ಮುದಗಲ್ಲಿನ ಮೊಹರಮ್ಮಿನ ದೇವರು ಹುಸೇನಿ ಆಲಂ. ಹುಸೇನಪ್ಪ ಎಂಬ ಹೆಸರಿನವನೊಬ್ಬ ತನ್ನ ಮಗಳ ಕಾರ್ಡಿಗೆ ಅದೇ ಬೇಕೆಂದು ಹಾಕಿಸಿದ್ದ.

ಯಮನೂರಮ್ಮ ಮಾರುತೇಶ್ವರನನ್ನು ಆರಿಸಿದಳು. ದುರುಗಪ್ಪ ಪರದೆಯ ಮೇಲೆ ಅಕ್ಷರ ಅಕ್ಷರ ಓದಿ, "ಬರೋಬ್ಬರಿ ಅದ ರೀ ಯಮನೂರಮ್ಮಾರ," ಅಂದು ಸಾಮಾನು ತರಲು ಬಜಾರಿಗೆ ಹೋದ. ಅವಳು ಹಿಂದಿನ ಕೋಣೆಗೆ ಹೋಗಿ ರೊಟ್ಟಿ ಬಿಚ್ಚಿದಳು. ತಿಂದು ಬಂದಾಗ ಕುರ್ಚಿಯಲ್ಲಿ ಮಾನಪ್ಪ ಕೂತಿದ್ದ, ಹೆಗ್ಗಣ ಅವನ ಕೈಯಲ್ಲಿತ್ತು.

"ಏಳು," ಅಂದಳು.

"ಪ್ರಾಕ್ಟೀಸ್ ಮಾಡಾಕತ್ತಿದ್ನಿ. ಸ್ವಾಮಾರ ಬಂತಲ್ಲ."

"ಸ್ವಾಮಾರ ಬಂದಿಲ್ಲ ಇನ್ನ. ಏಳು."

ಕುರ್ಚಿ ಬಿಸಿಯಾಗಿತ್ತು. ಆ ಬಿಸಿ ಅವಳನ್ನು ಕೆರಳಿಸಿತು. ಯಾವತ್ತೂ ಅಚ್ಚಿಗೆ ಕೊಡುವ ಮೊದಲಿನ ಟ್ರೇಸಿಂಗ್ ಹಾಳೆ ಹೊರಬಂದ ಮೇಲೆ ಕೆಳಗಿನಿಂದ ಮೇಲಕ್ಕೆ ಪೂರ್ತಿ ಓದುವವಳು, ಅಂದು ವಧು ವರರ ಹೆಸರು, ತಾರೀಕು ಇಷ್ಟೇ ನೋಡಿ ಅಚ್ಚಿಗೆ ಕೊಟ್ಟಳು. ದೇವರ ಸಾಲಿನಲ್ಲಿ ತಪ್ಪು ಹುಡುಕುವವರು ಯಾರು?

ಸಾಲಗುಂದದ ಮಾರುತಿ ಗುಡಿಯ ಪೂಜಾರಿ ಹುಡುಕಿದ. ಮೊದಲ ಕಾರ್ಡನ್ನು ಮನೆದೇವರ ಮುಂದಿಡುವುದು ಅವರ ಪದ್ಧತಿ. ಪೂಜಾರಿ ಅದನ್ನು ಓದಿ, ಮಡಚಿ, ದುರುಗಪ್ಪನ ಕೈಗೆ ವಾಪಸು ಕೊಟ್ಟು, "ಇದು ಇಲ್ಲಿದಲ್ಲೋ ಯಪ್ಪಾ, ಮುದಗಲ್ಲಿಗೆ ಒಯ್ಯಿ" ಅಂದನಂತೆ.

ದುರುಗಪ್ಪ ಕಾರ್ಡಿನ ಗಂಟನ್ನು ಗ್ಯಾನಪ್ಪನ ಮೇಜಿನ ಮೇಲೆ ಒಗೆದ. ಅವನ ಹಿಂದೆ ಅವನ ತಾಯಿ ಆದೆಮ್ಮ ಬಂದು, ಅಲ್ಲಿದ್ದ ಕಾಗದದ ರಿಮ್ಮಿನ ಕಟ್ಟಿನ ಮೇಲೆ ಕೂತಳು.

"ನಮ್ಮದು ಮಾರುತೇಶ್ವರ. ನೀವು ಕುಂದ್ರಿಸಿದ್ದು ಯಾರನ್ನ?" ಅಂದ ದುರುಗಪ್ಪ. "ಊರ ಮಂದಿ ನಗಾಕತ್ತಾರ. ಬೀಗರು ಕೇಳಿದ್ರ ಏನ್ ಹೇಳಲಿ?"

ಗ್ಯಾನಪ್ಪ ಕಾರ್ಡು ನೋಡಿದ. ಕುರ್ಚಿಯ ಕಡೆ ನೋಡಿದ. "ಯಾರ ಕೈತಪ್ಪು ಇದು?"

ಮಾನಪ್ಪ ಎರಡೂ ಕೈ ಮೇಲೆತ್ತಿದ. "ನಾ ಮುಟ್ಟೇ ಇಲ್ಲ ಮಾವ. ಕಾರ್ಡಿನ ಕೆಲಸ ಆಕೀದು. ಗಾಲಿ ತಿರಿವ್ಯಾಳ, ದೇವರು ತಿರುಗ್ಯಾನ. ಗಾಲಿ ನಡಸಾಕ ಬರದವರು ಕುಂದರಬಾರದು."

"ಗಾಲಿ?" ಅಂದಳು ಯಮನೂರಮ್ಮ. "ಆ ಹೆಗ್ಗಣದ ಗಾಲಿ ಮುಟ್ಟಂಗಿಲ್ಲ ಅಂದಾಗಿಂದ ನನ್ನ ಬೆರಳು ಅದಕ್ಕ ಇವತ್ತಿನತನ ತಾಗಿಲ್ಲ. ನನ್ನ ಕೈ ಮ್ಯಾಲ ಆಣಿ. ಮುಟ್ಟಾಕ ಹೇಸಿಗಿ ಬರತೈತಿ ನನಗ."

ಹೇಳಿದ ಮೇಲೆ ಅಕ್ಕಿ ಗಿರಣಿಯ ಹಾಳೆ ನೆನಪಾಯಿತು. ಅದಕ್ಕಿಂತ ಕೆಟ್ಟದ್ದೊಂದು ಕಣ್ಣಿಗೆ ಬಿತ್ತು. ಅವಳ ಬಲಗೈ ಆಗಲೂ ಮೌಸಿನ ಮೇಲೇ ಇತ್ತು, ಮತ್ತು ನಡುಬೆರಳು ಗಾಲಿಯ ಮೇಲೆ ಕೂತಿತ್ತು. ಒತ್ತದೆ, ಸುಮ್ಮನೆ, ತಂತಿಯ ಮೇಲೆ ಹಕ್ಕಿ ಕೂತ ಹಾಗೆ. ಇಸ್ಮಾಯಿಲ್‌ಸಾಬರ ಸೀಸದಕಡ್ಡಿ ಕಲಿಸಿದ್ದು ಅದು. ಎಷ್ಟು ದಿನದಿಂದ ಅಲ್ಲಿ ಕೂಡುತ್ತಿತ್ತೋ, ಅವಳು ನೋಡಿಕೊಂಡಿರಲೇ ಇಲ್ಲ. ಮೆಲ್ಲಗೆ ಕೈ ತೆಗೆದು ಮಡಿಲಲ್ಲಿಟ್ಟುಕೊಂಡಳು.

ಗ್ಯಾನಪ್ಪ ಬಾಯಿ ತೆರೆಯುವಷ್ಟರಲ್ಲಿ ಆದೆಮ್ಮ ಕೇಳಿದಳು: "ಏನಂತ ಬರದಾರಲೇ ದುರುಗಾ? ಇನ್ನೊಮ್ಮೆ ಓದು."

"ಹುಸೇನಿ ಆಲಂ ಪ್ರಸನ್ನ ಅಂತೈತಬೇ."

ಮುದುಕಿ ಯಮನೂರಮ್ಮನ ಮುಖ ನೋಡಿದಳು, ಆಮೇಲೆ ಮಡಿಲಲ್ಲಿದ್ದ ಕೈ ನೋಡಿದಳು.

"ಹೌದಲ್ಲ," ಅಂದಳು. "ಇವನ ಮಗ ಸಣ್ಣಾವಿದ್ದಾಗ ಹೆಜ್ಜಿ ಕಿತ್ತಿಡತಿದ್ದಿಲ್ಲ. ಮೊಹರಮ್ಮಿಗೆ ಮುದಗಲ್ಲಿಗೆ ಹೊತಗೊಂಡು ಹೋಗಿ ಬೇಡಿಕೊಂಡಿದ್ನಿ. ಮೊಮ್ಮಗನ ಕಾಲು ನಡದ್ರ ಅವನ ಲಗ್ನದಾಗ ಮೊದಲ ನಿನ್ನ ಹೆಸರು ತಗೋತೀನಿ ಅಂತ. ನಾ ಮರತೆ. ಆತ ಮರತಿಲ್ಲ."

"ನನಗೊಂದಿನ ಹೇಳಿಲ್ಲಲ್ಲಬೇ ಇದನ್ನ," ಅಂದ ದುರುಗಪ್ಪ.

"ಮರತೆ ಅಂದ್ನೆಲ್ಲೋ. ಮರತದ್ದನ್ನ ಹ್ಯಾಂಗ ಹೇಳಲಿ?"

ದುರುಗಪ್ಪ ಕಾರ್ಡನ್ನು ಎತ್ತಿ, ಈ ಸಲ ಎರಡೂ ಕೈಯಲ್ಲಿ ಹಿಡಿದುಕೊಂಡ. ಕೆಳಗೆ ಇನ್ನೊಂದು ಸಾಲಿನಲ್ಲಿ ಮಾರುತೇಶ್ವರನನ್ನೂ ಕೂಡಿಸಿಕೊಡುವುದಾಗಿ ಗ್ಯಾನಪ್ಪ ಒಪ್ಪಿಕೊಂಡ. ಆದೆಮ್ಮ ಎದ್ದು, "ಯಾವುದವಾ ಆ ಇಲಿ?" ಎಂದು ಕೇಳಿ, ಎದುರಿನ ಚಹದಂಗಡಿಯಿಂದ ಸಕ್ಕರೆ ತರಿಸಿ, ಮೊಹರಮ್ಮಿನಲ್ಲಿ ಆಲಂಗೆ ನೈವೇದ್ಯ ಓದಿಸುವವರಂತೆ ಏನೋ ಗುನುಗಿ, ಹೆಗ್ಗಣದ ಮುಂದೆ ಒಂದು ಚಿಟಿಕೆ ಇಟ್ಟಳು. ಪ್ಲಾಸ್ಟಿಕ್ಕಿಗೆ ಕೈ ಮುಗಿದದ್ದನ್ನು ನೋಡಿ ಯಮನೂರಮ್ಮನಿಗೆ ನಗು ಬಂತು. ಮುದುಕಿಯ ಮೇಲೆ ನಗಲಾರದೆ ಅದನ್ನು ಮಾನಪ್ಪನ ಕಡೆ ತಿರುಗಿಸಿದಳು. ಅವನು ಭಕ್ತಿಯಿಂದ ಕಣ್ಣು ಮುಚ್ಚಿದ್ದ.

ಅವರು ಹೋದ ಮೇಲೆ ಗ್ಯಾನಪ್ಪನ ಮುಖವೇ ಬೇರೆಯಾಗಿತ್ತು. "ಸಣ್ಣ ಮಾತಲ್ಲ ಇದು. ಯಾರ ಕೈಗುಣ?"

ಅರ್ಧ ತಾಸಿನ ಹಿಂದೆ ಕೈತಪ್ಪು ಆಗಿದ್ದದ್ದು ಈಗ ಕೈಗುಣವಾಗಿತ್ತು. ಮಾನಪ್ಪ ಕಣ್ಣು ತೆರೆದ.

"ನಂದ ಮಾವ. ಅವತ್ತ ಮಧ್ಯಾಹ್ನ ನಾ ಕುಂತಿದ್ನೆಲ್ಲ, ಆಗ ಗಾಲಿ ತಿರಿವಿದ್ನಿ. ಯಾರೋ ಕೈ ಹಿಡದು ತಿರಿವಿಸಿದಂಗ ಆತು ನೋಡು."

"ಈಗ ಮುಟ್ಟಿಲ್ಲ ಅಂದಿಯಲ್ಲಪಾ," ಅಂದಳು ಯಮನೂರಮ್ಮ.

"ಅಂಜಿಕಿಗೆ ಅಂದಿದ್ನಿ. ನೀನರ ಆಣಿ ಮಾಡಿ ಹೇಳಿದ್ದೀ, ನನ್ನ ಬೆರಳು ತಾಗಿಲ್ಲ ಅಂತ. ಅಂದ್ರ ಯಾರದಾತು?"

ಗ್ಯಾನಪ್ಪ ಅವಳ ಕಡೆ ತಿರುಗಿದ. "ಖರೇ ಹೇಳು. ನಿನ್ನ ಬೆರಳು ತಾಗಿತ್ತೋ ಇಲ್ಲೋ?"

ತಾಗಿತ್ತು ಅಂದರೆ ಕುರ್ಚಿ ಉಳಿಯುತ್ತಿತ್ತು. ಒಂದು ಮಾತು, ಅಷ್ಟೇ. ಆದರೆ ಆ ಮಾತನ್ನು ಮಾನಪ್ಪ ಅದಾಗಲೇ ಬಾಯಲ್ಲಿ ಹಾಕಿಕೊಂಡು ಅಗಿದು ಉಗುಳಿದ್ದ. ಅವನು ಉಗುಳಿದ್ದನ್ನು ತಾನು ಎತ್ತಿಕೊಳ್ಳುವುದೇ? ತಾಗಿಲ್ಲ ಅನ್ನಲೂ ಬಾಯಿ ಬರಲಿಲ್ಲ, ಮಡಿಲಲ್ಲಿದ್ದ ನಡುಬೆರಳು ಕೇಳುತ್ತಿತ್ತು.

"ಒಮ್ಮೆ ತಿರಿವೀನಿ, ಬ್ಯಾರೆ ಹಾಳ್ಯಾಗ," ಅಂದಳು. "ಬೆರಳು ಅದರ ಮ್ಯಾಲ ಕುಂತಿರತಿತ್ತು, ಅದೂ ಖರೇ. ಆಣಿ ಮಾಡಬಾರದಿತ್ತು. ಈ ಕಾರ್ಡಿಂದು ನನ್ನ ಕೈಯೋ ಅಲ್ಲೋ, ಗೊತ್ತಿಲ್ಲ."

"ಗೊತ್ತಿಲ್ಲ ಅಂದ್ರೇನು? ನಿನ್ನ ಬೆರಳು ನಿನಗ ಗೊತ್ತಿಲ್ಲೇನು?" ಗ್ಯಾನಪ್ಪ ನಕ್ಕ. ಗೊತ್ತಿಲ್ಲದವಳಿಗಿಂತ ಗೊತ್ತಿದ್ದವನೇ ಮೇಲೆಂದು ತೀರ್ಮಾನಿಸಿ, ಸೋಮವಾರದ ತನಕವೂ ಕಾಯದೆ ಮಾನಪ್ಪನನ್ನು ಕುರ್ಚಿಯಲ್ಲಿ ಕೂಡಿಸಿದ.

ಮಾನಪ್ಪನ ರಾಜ್ಯಭಾರ ಒಂದು ಮುಂಜಾನೆ ನಡೆಯಿತು. ಮೊದಲ ಪೆಟ್ಟು ಇರುವೆಗಳದು. ಚಿಟಿಕೆ ಸಕ್ಕರೆಯ ಜಾಡು ಹಿಡಿದು ಬಂದವು ಗಾಲಿಯ ಸಂದಿಯಲ್ಲಿ ಇಳಿದು ಸಂಸಾರ ಹೂಡಿದ್ದವು. ಅವನು ಗಾಲಿ ತಿರುವಿದಾಗಲೆಲ್ಲ ಒಂದೊಂದೇ ಹೊರಗೆ ಬಂದು ಬೆರಳೇರುತ್ತಿದ್ದವು. ಎರಡನೆಯದು ಕನ್ನಡದ್ದು. "ಚಿರಂಜೀವಿ" ಎಂಬ ಒಂದು ಪದ ಮೂಡಿಸುವಷ್ಟರಲ್ಲಿ, ಕಾರ್ಡು ಮಾಡಿಸಲು ಬಂದವರು ಎದ್ದು ಹೋಗಿ ಚಹ ಕುಡಿದು ಬಂದರು. ಗ್ಯಾನಪ್ಪ ಹೊರಗೆ ನಿಂತವರನ್ನು ನೋಡಿದ, ಒಳಗೆ ಕಾರ್ಡು ಮಡಚುತ್ತ ಕೂತವಳನ್ನು ನೋಡಿದ. ಕೊನೆಗೆ ಕುರ್ಚಿಯ ಪಕ್ಕ ಒಂದು ಸ್ಟೂಲು ಹಾಕಿ, ಕೀಲಿಮಣೆಯನ್ನು ಅದರ ಕಡೆ ಸರಿಸಿದ.

ಆಮೇಲೆ ಬಹಳ ದಿನ ಆ ಪ್ರೆಸ್ಸಿನಲ್ಲಿ ಒಂದು ಕಂಪ್ಯೂಟರಿಗೆ ಇಬ್ಬರು. ಸ್ಟೂಲಿನ ಮೇಲೆ ಯಮನೂರಮ್ಮ ಹತ್ತೂ ಬೆರಳಿನಿಂದ ಅಕ್ಷರ ಕುಟ್ಟುವುದು, ಕುರ್ಚಿಯ ಮೇಲೆ ಮಾನಪ್ಪ ಹೆಗ್ಗಣ ಹಿಡಿದು ಗಾಲಿ ತಿರುವುವುದು. ಅವಳು "ಕೆಳಗ" ಅಂದರೆ ಅವನು ಕೆಳಗೆ, "ಸಾಕು" ಅಂದರೆ ಸಾಕು. ಎತ್ತು ಹೊಡೆಯುವವನು ಒಬ್ಬ, ಬಾಲ ಹಿಡಿಯುವವನು ಇನ್ನೊಬ್ಬ, ಎಂದು ಅವಳೇ ಹೇಳಿ ಅವಳೇ ನಗುತ್ತಿದ್ದಳು. ಬಂದವರು ಯಾರನ್ನು ಮಾತಾಡಿಸಬೇಕೆಂದು ತಿಳಿಯದೆ ಇಬ್ಬರ ನಡುವಿನ ಗಾಳಿಯನ್ನು ನೋಡುತ್ತ "ಇದನ್ನೀಟು ನೋಡ್ರೀ" ಅನ್ನುತ್ತಿದ್ದರು. ಆ "ರೀ"ಯನ್ನು ಯಮನೂರಮ್ಮ ತನ್ನದೆಂದು ತೆಗೆದುಕೊಳ್ಳುತ್ತಿದ್ದಳು. ಮಾನಪ್ಪನೂ ತನ್ನದೆಂದೇ ತೆಗೆದುಕೊಂಡಿರಬೇಕು.

ಒಂದು ಮಧ್ಯಾಹ್ನ ಅವನು ಚಹಕ್ಕೆ ಹೋದಾಗ ಅವಳು ಸ್ಟೂಲಿನಿಂದ ಕುರ್ಚಿಗೆ ಸರಿದು, ಕಾರ್ಡಿನ ಪ್ರೋಗ್ರಾಮು ತೆರೆದು, ಮಾರುತೇಶ್ವರನನ್ನು ಆರಿಸಿದಳು. ನಡುಬೆರಳನ್ನು ಗಾಲಿಯ ಮೇಲೆ ಸಾಬರು ಕಲಿಸಿದಂತೆ ಕೂಡಿಸಿದಳು. ಏನೂ ಆಗಲಿಲ್ಲ. ಕೈಯನ್ನು ಒಂದಿಷ್ಟು ಸರಿಸಿದಳು, ಬೆರಳಿನ ಕೆಳಗೆ ಗಾಲಿ ಜರುಗಿ ಮಾರುತೇಶ್ವರ ಹೋಗಿ ಹುಲಿಗೆಮ್ಮ ಬಂದಳು. ಮತ್ತೆ ಮಾರುತೇಶ್ವರನನ್ನು ಆರಿಸಿ ಹಾಗೇ ಮಾಡಿದಾಗ ಹುಲಿಗೆಮ್ಮನನ್ನು ದಾಟಿ ಹುಸೇನಿ ಆಲಂನ ಹತ್ತಿರ ನಿಂತಿತು. ಮೂರನೆಯ ಸಲ ಆರಿಸಿ ಮಾಡಿದಾಗ ಮಾರುತೇಶ್ವರ ಅಲ್ಲಾಡಲೇ ಇಲ್ಲ. ಅವಳು ಎದ್ದು ಸ್ಟೂಲಿಗೆ ಹೋದಳು.

ಇದರ ಮುಂದೆ ಹೇಳಲು ತಿಳಿದದ್ದೇನೂ ಇಲ್ಲ. ಅಂದು ಗಾಲಿ ತಿರುಗಿಸಿದ ಬೆರಳು ಯಮನೂರಮ್ಮನದೋ ಮಾನಪ್ಪನದೋ ಗೊತ್ತಿಲ್ಲ. ಆದೆಮ್ಮ ಮುದಗಲ್ಲಿನಲ್ಲಿ ನಿಜವಾಗಿಯೂ ಬೇಡಿಕೊಂಡಿದ್ದಳೋ, ಕಾಗದದ ರಿಮ್ಮಿನ ಮೇಲೆ ಕೂತಲ್ಲೇ ಆ ಹರಕೆ ಅವಳಿಗೆ ಹೊಳೆಯಿತೋ, ಅದೂ ಗೊತ್ತಿಲ್ಲ.